ಖಾಲಿ ಲೋಟಕ್ಕೂ ಅಂಕ ಬೇಕು



ಒಂದು ಕಲ್ಲಿನ ಪುಡಿಯಲ್ಲಿ ಅಮೈನೋ ಆಮ್ಲ ಇದೆಯೇ ಎಂದು ಪರೀಕ್ಷಿಸುವುದು ಬಹಳ ಕಷ್ಟದ ಕೆಲಸವಲ್ಲ. ಅದಕ್ಕೆ ನೂರು ವರ್ಷಗಳಿಗೂ ಹಿಂದಿನ ಒಂದು ವಿಧಾನವಿದೆ. ಅಮೈನೋ ಆಮ್ಲ ಇದ್ದರೆ ನೇರಳೆ ಬಣ್ಣ ಕಾಣಿಸಿಕೊಳ್ಳುತ್ತದೆ. ಕಷ್ಟ ಇರುವುದು ಅದರ ಮುಂದಿನ ಪ್ರಶ್ನೆಯಲ್ಲಿ. ಹಾಗೆ ಕಂಡ ಅಮೈನೋ ಆಮ್ಲ ನಿಜವಾಗಿ ಆ ಕಲ್ಲಿನದೇ? ಅಥವಾ ಕಲ್ಲನ್ನು ಹೆಕ್ಕಿದ ಕೈಯದೇ? ತುಂಬಿಸಿದ ಚೀಲದ್ದೇ? ತೊಳೆದ ನೀರಿನದೇ?

ಇದಕ್ಕೆ ಉತ್ತರ ಹುಡುಕಲು ವಿಜ್ಞಾನಿಗಳು ತಮ್ಮ ಮೇಜಿನ ಮೇಲೆ ಒಂದು ಖಾಲಿ ಕೊಳವೆಯನ್ನೂ ಇಟ್ಟುಕೊಳ್ಳುತ್ತಾರೆ. ಕಲ್ಲಿನ ಪುಡಿ ಹಾಕದ, ಆದರೆ ಉಳಿದೆಲ್ಲ ಕೆಲಸವನ್ನೂ ಅದೇ ರೀತಿ ಮಾಡಿದ ಕೊಳವೆ ಅದು. ನಮ್ಮ ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಶಾಲೆಗಳಲ್ಲಿ ವಿಜ್ಞಾನ ವಸ್ತುಪ್ರದರ್ಶನ ನಡೆಯುವಾಗ ಜ್ವಾಲಾಮುಖಿ ಉಕ್ಕುತ್ತದೆ, ಗಾಳಿಯಂತ್ರ ತಿರುಗುತ್ತದೆ, ಮಣ್ಣಿನ ಮಾದರಿಗಳು ಸಾಲಾಗಿ ನಿಲ್ಲುತ್ತವೆ. ಖಾಲಿ ಕೊಳವೆ ಮಾತ್ರ ಕಾಣುವುದು ಅಪರೂಪ. ಅದು ಅಲ್ಲಿ ಇರಬೇಕು, ಅದಕ್ಕೆ ಅಂಕವನ್ನೂ ಕೊಡಬೇಕು ಎಂಬುದು ನನ್ನ ಅಭಿಪ್ರಾಯ. ಯಾಕೆ ಹಾಗೆ ಹೇಳುತ್ತೇನೆ ಎಂಬುದಕ್ಕೆ ಸ್ವಲ್ಪ ದೂರ ಹೋಗಿ ಬರಬೇಕಾಗುತ್ತದೆ. ಚಂದ್ರನವರೆಗೂ ಹೋಗಿ ಬರಬೇಕು!

ನೇರಳೆ ಬಣ್ಣದ ಕಥೆ

ಬಿಸಿಯೂಟದ ಬೇಳೆ, ಮೊಟ್ಟೆ, ಮನೆಯಲ್ಲಿ ಮಾಡುವ ಹುರುಳಿ ಸಾರು, ಬಂಗುಡೆ ಮೀನು ಇವುಗಳಲ್ಲಿ ಪ್ರೋಟೀನು ಇದೆ ಎಂದು ನೀವು ಓದಿದ್ದೀರಿ. ಮಲ್ಲಿಗೆಯನ್ನು ಬಾಳೆನಾರಿನಲ್ಲಿ ಒಂದರ ಪಕ್ಕ ಒಂದು ಕಟ್ಟುತ್ತಾ ಹೋದರೆ ಮಾಲೆ ಆಗುತ್ತದೆಯಲ್ಲವೇ? ಹಾಗೆಯೇ ಅಮೈನೋ ಆಮ್ಲಗಳೆಂಬ ಸಣ್ಣ ಅಣುಗಳು ಒಂದಕ್ಕೊಂದು ಸೇರಿ ಪ್ರೋಟೀನು ಆಗುತ್ತದೆ. ಜೀವಿಗಳು ಪ್ರೋಟೀನು ಕಟ್ಟಲು ಮುಖ್ಯವಾಗಿ 20 ಬಗೆಯ ಅಮೈನೋ ಆಮ್ಲಗಳನ್ನು ಬಳಸುತ್ತವೆ. ಅವುಗಳಲ್ಲಿ ಎಲ್ಲಕ್ಕಿಂತ ಚಿಕ್ಕದು ಗ್ಲೈಸಿನ್. ಆಮ್ಲ ಎಂಬ ಹೆಸರು ಕೇಳಿ ಹೆದರಬೇಡಿ, ಇವು ಕೈ ಸುಡುವ ಆಮ್ಲಗಳಲ್ಲ.

ಜೀವಿಗಳಿಲ್ಲದ ಕಡೆಯೂ ಅಮೈನೋ ಆಮ್ಲ ತಾನಾಗಿ ಆಗಬಲ್ಲದು. 1953ರಲ್ಲಿ ಅಮೆರಿಕದ ಸ್ಟ್ಯಾನ್ಲಿ ಮಿಲ್ಲರ್ ಎಂಬ ಯುವ ವಿಜ್ಞಾನಿ ಗಾಜಿನ ಪಾತ್ರೆಯಲ್ಲಿ ನೀರಾವಿ, ಮೀಥೇನ್, ಅಮೋನಿಯಾ, ಜಲಜನಕ ತುಂಬಿ, ಅದರೊಳಗೆ ವಿದ್ಯುತ್ ಕಿಡಿ ಹಾಯಿಸಿ ಇದನ್ನು ತೋರಿಸಿದರು. ಆದ್ದರಿಂದಲೇ ಬೇರೆ ಗ್ರಹ, ಉಪಗ್ರಹಗಳ ಕಲ್ಲುಮಣ್ಣಿನಲ್ಲಿ ಅಮೈನೋ ಆಮ್ಲ ಹುಡುಕುವ ಆಸೆ ಹುಟ್ಟಿತು. ಜೀವ ಹೇಗೆ ಶುರುವಾಯಿತು ಎಂಬ ದೊಡ್ಡ ಪ್ರಶ್ನೆಗೆ ಅಲ್ಲೊಂದು ಸುಳಿವು ಸಿಗಬಹುದು ಎಂಬ ಆಸೆ.

ಹುಡುಕುವುದು ಹೇಗೆ? ಕಲ್ಲನ್ನು ನುಣ್ಣಗೆ ಪುಡಿ ಮಾಡಿ, ಶುದ್ಧ ನೀರಿನಲ್ಲಿ ಗಂಟೆಗಟ್ಟಲೆ ಬಿಸಿ ಮಾಡುತ್ತಾರೆ. ಕಲ್ಲಿನಲ್ಲಿರುವ ಅಮೈನೋ ಆಮ್ಲ ನೀರಿಗೆ ಇಳಿಯುತ್ತದೆ, ಚಹಾಪುಡಿಯಿಂದ ಬಣ್ಣ ಇಳಿದ ಹಾಗೆ. ಆ ನೀರಿಗೆ ಪ್ರಬಲ ಆಮ್ಲ ಸೇರಿಸಿ ಮತ್ತೆ ಬಿಸಿ ಮಾಡಿದರೆ, ಮಾಲೆಯಾಗಿ ಕಟ್ಟಿಕೊಂಡಿದ್ದವೂ ಬಿಡಿ ಬಿಡಿಯಾಗುತ್ತವೆ. ಬಳಿಕ ಆಮ್ಲವನ್ನು ಆರಿಸಿ ತೆಗೆದು, ಉಳಿದದ್ದಕ್ಕೆ ನಿನ್‌ಹೈಡ್ರಿನ್ ಎಂಬ ರಾಸಾಯನಿಕ ಹಾಕಿ ಬಿಸಿ ಮಾಡಿದರೆ ಅಮೈನೋ ಆಮ್ಲ ಇರುವಲ್ಲಿ ನೇರಳೆ ಬಣ್ಣ ಬರುತ್ತದೆ. ಪ್ರೋಲಿನ್ ಎಂಬುದೊಂದು ಮಾತ್ರ ಹಟಮಾರಿ, ಅದು ಹಳದಿ ಬಣ್ಣ ಕೊಡುತ್ತದೆ. ಈಗಿನ ಪ್ರಯೋಗಾಲಯಗಳಲ್ಲಿ ಅಮೈನೋ ಆಮ್ಲಗಳನ್ನು ಒಂದೊಂದಾಗಿ ಬೇರ್ಪಡಿಸಿ, ಪ್ರತಿಯೊಂದು ಅಣುವಿನ ತೂಕವನ್ನೇ ಅಳೆಯುವ ಯಂತ್ರಗಳಿವೆ. ಆದರೆ ಬೇರಿನ ಉಪಾಯ ಹಳೆಯದೇ: ಪುಡಿ ಮಾಡು, ಇಳಿಸು, ಬಿಡಿಸು, ಗುರುತಿಸು.

ನಿನ್‌ಹೈಡ್ರಿನ್ ಅನ್ನು ಮೊದಲು ತಯಾರಿಸಿದವರು ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿದ್ದ ಸೀಗ್‌ಫ್ರೀಡ್ ರೂಹೆಮನ್, 1910ರಲ್ಲಿ. ಅದು ತಾಗಿದರೆ ಚರ್ಮವೂ ನೇರಳೆಯಾಗುವುದನ್ನು ಅವರು ಗಮನಿಸಿದರು. ನೇರಳೆಹಣ್ಣು ತಿಂದ ನಾಲಿಗೆಯಂತೆ! ನಮ್ಮ ಚರ್ಮದಲ್ಲಿ, ಬೆವರಿನಲ್ಲಿ ಅಮೈನೋ ಆಮ್ಲ ಇರುವುದೇ ಇದಕ್ಕೆ ಕಾರಣ. 1954ರಲ್ಲಿ ಸ್ವೀಡನ್ನಿನ ಇಬ್ಬರು ವಿಜ್ಞಾನಿಗಳು ಇದನ್ನೇ ಬಳಸಿ ಕಾಗದದ ಮೇಲಿನ ಬೆರಳಚ್ಚನ್ನು ಕಾಣುವಂತೆ ಮಾಡಬಹುದು ಎಂದು ತೋರಿಸಿದರು. ಕಳ್ಳ ಮುಟ್ಟಿದ ಕಾಗದದಲ್ಲಿ ನೇರಳೆ ಗೆರೆಗಳು ಮೂಡುತ್ತವೆ. (ಇದನ್ನು ನೀವು ತರಿಸಿ ಶಾಲೆಯಲ್ಲಿ ಮಾಡಲು ಹೋಗಬೇಡಿ. ಇದು ಕಣ್ಣಿಗೂ ಚರ್ಮಕ್ಕೂ ಒಳ್ಳೆಯದಲ್ಲ. ನೀವು ಮಾಡಬಹುದಾದ ಬೇರೆ ಪ್ರಯೋಗವನ್ನು ಕೊನೆಗೆ ಹೇಳುತ್ತೇನೆ.)

ಈಗ ಯೋಚಿಸಿ. ಪೊಲೀಸರಿಗೆ ಉಪಕಾರಿಯಾದ ಇದೇ ಸಂಗತಿ, ಕಲ್ಲನ್ನು ಪರೀಕ್ಷಿಸುವವರಿಗೆ ಏನಾಗಬೇಕು?

ನಮ್ಮ ಊರಿನ ಕಲ್ಲು, ನಮ್ಮ ಊರಿನ ಮಣ್ಣು

ಮೊದಲು ನಮ್ಮ ನೆಲದಿಂದಲೇ ಶುರುಮಾಡೋಣ. ಕೋರೆಯಿಂದ ಕಡಿದು ತಂದ ಮುರಕಲ್ಲನ್ನು ನೀವೆಲ್ಲ ನೋಡಿದ್ದೀರಿ. ನಮ್ಮಲ್ಲಿ ಎಷ್ಟೋ ಮನೆ, ಶಾಲೆಗಳ ಗೋಡೆ ಅದರದ್ದೇ. ಲಕ್ಷಾಂತರ ವರ್ಷ ಮಳೆನೀರು ಇಳಿದು ಇಳಿದು, ಮೂಲ ಶಿಲೆಯಲ್ಲಿದ್ದ ಹೆಚ್ಚಿನ ವಸ್ತುಗಳು ತೊಳೆದುಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಅಂಶ ಉಳಿದು ಆದ ಕಲ್ಲು ಇದು. ಕಡಿಯುವಾಗ ಮೆತ್ತಗೆ, ಗಾಳಿಬಿಸಿಲಿಗೆ ಗಟ್ಟಿ. ಕೋರೆಯ ಆಳದಲ್ಲಿ ಆಗ ತಾನೇ ಕಡಿದ ಕಲ್ಲಿನ ಒಳಭಾಗದಲ್ಲಿ ಜೀವಿಗಳಿಂದ ಬಂದ ವಸ್ತು ಬಹಳ ಕಡಿಮೆ. ಅದೇ ಕಲ್ಲನ್ನು ಅಂಗಳದ ಬದಿಯಲ್ಲಿಟ್ಟು ಜೂನ್ ಕಳೆಯಲಿ. ಹಸಿರು ಪಾಚಿ ಹಿಡಿಯುತ್ತದೆ, ಅದರ ತೂತುಗಳಲ್ಲಿ ಇರುವೆ, ಎರೆಹುಳು, ಬೇರು, ಶಿಲೀಂಧ್ರ ಎಲ್ಲ ಸೇರಿಕೊಳ್ಳುತ್ತವೆ. ಈಗ ಪರೀಕ್ಷಿಸಿದರೆ ಒಳ್ಳೆಯ ನೇರಳೆ ಬಣ್ಣ! ಅದು ಯಾರ ಬಣ್ಣ? ಕಲ್ಲಿನದಲ್ಲ, ಪಾಚಿಯದ್ದು.

ಕಡಬ ತಾಲೂಕಿನ ಸುಬ್ರಹ್ಮಣ್ಯದ ಕಡೆಯ ಕಾಡಿನ ಮೇಲ್ಮಣ್ಣಂತೂ ಅಮೈನೋ ಆಮ್ಲದ ಉಗ್ರಾಣ. ತರಗೆಲೆ ಬಿದ್ದು ಕೊಳೆಯುತ್ತದೆ, ಶಿಲೀಂಧ್ರಗಳು, ಬ್ಯಾಕ್ಟೀರಿಯಾಗಳು ಅದನ್ನು ತಿಂದು ಬೆಳೆದು ಸಾಯುತ್ತವೆ. ಅಂಥ ಮಣ್ಣಿನ ಒಂದು ಕಿಲೋದಲ್ಲಿ ಅಮೈನೋ ಆಮ್ಲ ಗ್ರಾಂ ಲೆಕ್ಕದಲ್ಲೇ ಸಿಗಬಹುದು. ಮಣ್ಣಿನಲ್ಲಿರುವ ಸಾರಜನಕದ ದೊಡ್ಡ ಪಾಲು ಇರುವುದು ಈ ರೂಪದಲ್ಲಿ. ಅಡಿಕೆ ತೋಟಕ್ಕೆ ಸೊಪ್ಪು, ಹಟ್ಟಿಗೊಬ್ಬರ ಹಾಕುವ ಹಿರಿಯರು ಒಂದು ರೀತಿಯಲ್ಲಿ ಅಮೈನೋ ಆಮ್ಲವನ್ನೇ ಹೊತ್ತು ಹಾಕುತ್ತಿದ್ದಾರೆ. ನಮ್ಮ ನೆಲದಲ್ಲಿ ಅಮೈನೋ ಆಮ್ಲ ಕಂಡುಹಿಡಿಯುವುದು ಸಾಧನೆಯಲ್ಲ. ಅದು ಇಲ್ಲದ ಒಂದು ಚಮಚ ಮಣ್ಣು ತೋರಿಸಿದರೆ ಅದೇ ಸಾಧನೆ!

ಬೆರಳು ಮಾಡಿದ ತರಲೆ

1960ರ ದಶಕದ ಮೊದಲಲ್ಲಿ ಕೆಲವು ವಿಜ್ಞಾನಿಗಳು ಉಲ್ಕಾಶಿಲೆಗಳಲ್ಲಿ, ಅಂದರೆ ಆಕಾಶದಿಂದ ಬಿದ್ದ ಕಲ್ಲುಗಳಲ್ಲಿ, ಅಮೈನೋ ಆಮ್ಲ ಸಿಕ್ಕಿತು ಎಂದು ವರದಿ ಮಾಡಿದ್ದರು. ಎಲ್ಲರಿಗೂ ಸಂಭ್ರಮ. ಆದರೆ 1965ರಲ್ಲಿ ಬೇರೆ ಇಬ್ಬರು ಸಂಶೋಧಕರ ಕೆಲಸ ಆ ಸಂಭ್ರಮಕ್ಕೆ ತಣ್ಣೀರು ಹಾಕಿತು. ಪಾಲ್ ಹ್ಯಾಮಿಲ್ಟನ್ ಮತ್ತು ಜುವಾನ್ ಓರೋ ಬೇರೆ ಬೇರೆಯಾಗಿ ಮನುಷ್ಯರ ಕೈಬೆರಳುಗಳಲ್ಲಿರುವ ಅಮೈನೋ ಆಮ್ಲಗಳನ್ನು ಅಳೆದು ಪ್ರಕಟಿಸಿದರು. ಒಂದೇ ಒಂದು ಬೆರಳಚ್ಚಿನಲ್ಲೂ ಯಂತ್ರಕ್ಕೆ ಕಾಣುವಷ್ಟು ಅಮೈನೋ ಆಮ್ಲ ಇತ್ತು. ಬೆರಳಿನಲ್ಲಿ ಹೆಚ್ಚಾಗಿ ಸಿಕ್ಕಿದ್ದು ಸೆರಿನ್, ಗ್ಲೈಸಿನ್ ಮುಂತಾದವು. ಉಲ್ಕಾಶಿಲೆಯಲ್ಲಿ ಸಿಕ್ಕಿತೆಂದು ಬರೆದ ಪಟ್ಟಿಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ಬೆರಳಿನ ಪಟ್ಟಿಯನ್ನೇ ಹೋಲುತ್ತಿದ್ದವು!

ಈ ಇಬ್ಬರು ಹೊಸ ಗ್ರಹವನ್ನೂ ಕಂಡುಹಿಡಿಯಲಿಲ್ಲ, ಹೊಸ ಮೂಲವಸ್ತುವನ್ನೂ ಅಲ್ಲ. ಬರೇ ಬೆರಳನ್ನು ಪರೀಕ್ಷಿಸಿದರು. ಆದರೆ ನನ್ನ ಲೆಕ್ಕದಲ್ಲಿ ಕಲ್ಲಿನಲ್ಲಿ ಅಮೈನೋ ಆಮ್ಲ ಹುಡುಕುವ ವಿಜ್ಞಾನ ದಾರಿಗೆ ಬಂದದ್ದು ಅಂಥ ಕೆಲಸದಿಂದಲೇ. ಈಗ ಉಲ್ಕಾಶಿಲೆಯನ್ನು ಬರಿಗೈಯಲ್ಲಿ ಯಾರೂ ಮುಟ್ಟುವುದಿಲ್ಲ. ಬಳಸುವ ಗಾಜಿನ ಪಾತ್ರೆಗಳನ್ನು ಸುಮಾರು 500 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಗಂಟೆಗಟ್ಟಲೆ ಕಾಯಿಸುತ್ತಾರೆ, ಅಂಟಿದ್ದೆಲ್ಲ ಸುಟ್ಟುಹೋಗಲಿ ಎಂದು.

ನೂರು ಲಾರಿಯಲ್ಲಿ ಒಂದು ಗ್ರಾಂ

1969ರ ಜುಲೈಯಿಂದ 1972ರ ಡಿಸೆಂಬರ್‌ವರೆಗೆ ಆರು ಅಪೊಲೊ ಯಾನಗಳು ಚಂದ್ರನಿಂದ ಒಟ್ಟು 382 ಕಿಲೋ ಕಲ್ಲುಮಣ್ಣು ತಂದವು. ಹಲವು ಪ್ರಯೋಗಾಲಯಗಳು ಅದರಲ್ಲಿ ಅಮೈನೋ ಆಮ್ಲ ಹುಡುಕಿದವು. ಸಿಕ್ಕಿತು ಕೂಡ, ಆದರೆ ಎಷ್ಟು? ನೂರು ಕೋಟಿ ಭಾಗದಲ್ಲಿ ಕೆಲವು ಭಾಗ, ಹೆಚ್ಚೆಂದರೆ ಕೆಲವು ಹತ್ತು ಭಾಗ. ನೂರು ಕೋಟಿಯಲ್ಲಿ ಒಂದು ಎಂದರೆ ಎಷ್ಟೆಂದು ಅಂದಾಜಾಗಲು ಹೀಗೆ ಯೋಚಿಸಿ. ಒಂದೊಂದು ಲಾರಿಗೆ ಹತ್ತು ಟನ್ನಿನಂತೆ ನೂರು ಲಾರಿ ಮುರಕಲ್ಲು ಪುತ್ತೂರಿನ ಪೇಟೆಯಲ್ಲಿ ಸಾಲುಗಟ್ಟಿ ನಿಂತಿದೆ. ಆ ನೂರು ಲಾರಿಗಳಲ್ಲಿ ಒಟ್ಟು ಒಂದೇ ಒಂದು ಗ್ರಾಂ! ಲೆಕ್ಕ ಸರಿಯೇ ಎಂದು ನೀವೇ ಗುಣಿಸಿ ನೋಡಿ.

ಇಷ್ಟು ಕಡಿಮೆ ಇರುವುದನ್ನು ಅಳೆಯುವಾಗ ಕಡಬದ ಕಾಡಿನ ಮಣ್ಣಿನ ಒಂದು ಕಣ ಬಿದ್ದರೂ ಲೆಕ್ಕ ತಲೆಕೆಳಗು. ಚಂದ್ರನ ಮಣ್ಣಿನ ಅಮೈನೋ ಆಮ್ಲ ಎಲ್ಲಿಂದ ಬಂತು? ಗಗನಯಾತ್ರಿಗಳ ಸಾಮಾನಿನಿಂದಲೇ? ಇಳಿಯುವಾಗ ರಾಕೆಟ್ಟು ಉಗುಳಿದ ಹೊಗೆಯಿಂದಲೇ? ಉಲ್ಕೆಗಳಿಂದಲೇ? ಈ ಜಗಳ ನಾಲ್ಕು ದಶಕ ನಡೆಯಿತು. ಕೊನೆಗೆ ಅಮೆರಿಕದ ನಾಸಾ ಸಂಸ್ಥೆಯ ವಿಜ್ಞಾನಿಗಳು ಅಪೊಲೊ 16 ಮತ್ತು 17ರ ಮಾದರಿಗಳನ್ನು ಹೊಸ ಯಂತ್ರಗಳಿಂದ ಮತ್ತೆ ಪರೀಕ್ಷಿಸಿದರು. ರಾಕೆಟ್ಟಿನ ಅಡಿಯಿಂದ ತೆಗೆದ ಮಣ್ಣಿನಲ್ಲೂ, ಕಿಲೋಮೀಟರುಗಟ್ಟಲೆ ದೂರದಿಂದ ತಂದ ಮಣ್ಣಿನಲ್ಲೂ ಪ್ರಮಾಣ ಹೆಚ್ಚುಕಡಿಮೆ ಒಂದೇ. ಆದ್ದರಿಂದ ಹೊಗೆಯ ತಪ್ಪಲ್ಲ. ಹೆಚ್ಚಿನದು ನಮ್ಮ ಭೂಮಿಯ ಜೀವಿಗಳಿಂದಲೇ ಅಂಟಿದ್ದು, ಸ್ವಲ್ಪ ಉಲ್ಕೆಗಳಿಂದ ಬಂದಿರಬಹುದು ಎಂದು 2016ರಲ್ಲಿ ಪ್ರಕಟವಾದ ಅವರ ವರದಿ ಹೇಳಿತು. ಚಂದ್ರನಿಗೆ ಹೋಗಿ, ಮಣ್ಣು ತಂದು, ಅದರಲ್ಲಿ ಹೆಚ್ಚಾಗಿ ನಾವು ಕಂಡದ್ದು ನಮ್ಮನ್ನೇ!

ಹಾಗಾದರೆ ನಿಜವಾಗಿ ಆಕಾಶದಿಂದ ಬಂದ ಅಮೈನೋ ಆಮ್ಲ ಇಲ್ಲವೇ? ಇದೆ. ಅದನ್ನು ತೋರಿಸಿದವರಲ್ಲಿ ಒಬ್ಬರು ನಮ್ಮ ನೆರೆಯವರು. ಶ್ರೀಲಂಕಾದ ಗಾಲೆಯಲ್ಲಿ 1923ರಲ್ಲಿ ಹುಟ್ಟಿ, ಮದ್ರಾಸ್ ವಿಶ್ವವಿದ್ಯಾಲಯದಲ್ಲಿ ಪದವಿ ಪಡೆದು, ಮುಂದೆ ಅಮೆರಿಕದಲ್ಲಿ ನಾಸಾದ ವಿಜ್ಞಾನಿಯಾದ ಸಿರಿಲ್ ಪೊನ್ನಂಪೆರುಮ. ಮದ್ರಾಸಿನಲ್ಲಿ ಅವರು ಓದಿದ್ದು ತತ್ತ್ವಶಾಸ್ತ್ರ! 1969ರ ಸೆಪ್ಟೆಂಬರ್ 28ರಂದು ಆಸ್ಟ್ರೇಲಿಯಾದ ಮರ್ಚಿಸನ್ ಎಂಬಲ್ಲಿ ಉಲ್ಕಾಶಿಲೆ ಬಿತ್ತು. ಇಂಗಾಲ ಹೆಚ್ಚಿರುವ, ಕಪ್ಪು ಬಣ್ಣದ, ಅಪರೂಪದ ಬಗೆ ಅದು. ಬಿದ್ದ ಚೂರುಗಳನ್ನು ಬೇಗ ಹೆಕ್ಕಲಾಯಿತು. ಪೊನ್ನಂಪೆರುಮ, ಕೀತ್ ಕ್ವೆನ್‌ವೋಲ್ಡನ್ ಮತ್ತು ಸಂಗಡಿಗರು ಅದನ್ನು ಪರೀಕ್ಷಿಸಿ 1970ರಲ್ಲಿ ಫಲಿತಾಂಶ ಪ್ರಕಟಿಸಿದರು.

ಅದು ಬೆರಳಿನದಲ್ಲ ಎಂದು ಅವರಿಗೆ ಗೊತ್ತಾದದ್ದು ಹೇಗೆ? ನಿಮ್ಮ ತರಗತಿಯ ಹೊರಗೆ ಬಿಟ್ಟ ಚಪ್ಪಲಿಗಳನ್ನು ನೆನಪು ಮಾಡಿಕೊಳ್ಳಿ. ಎಡಗಾಲಿನದೂ ಬಲಗಾಲಿನದೂ ನೋಡಲು ಒಂದೇ ತರಹ, ಆದರೆ ಒಂದು ಇನ್ನೊಂದರ ಕನ್ನಡಿ ಬಿಂಬ. ಗ್ಲೈಸಿನ್ ಬಿಟ್ಟರೆ ಪ್ರೋಟೀನಿನ ಉಳಿದ ಅಮೈನೋ ಆಮ್ಲಗಳಿಗೂ ಹೀಗೆ ಎಡ ಮತ್ತು ಬಲ ಎಂಬ ಎರಡು ರೂಪಗಳುಂಟು. ಆಶ್ಚರ್ಯವೆಂದರೆ ಜೀವಿಗಳು ಪ್ರೋಟೀನು ಕಟ್ಟಲು ಎಡದ್ದನ್ನು ಮಾತ್ರ ಬಳಸುತ್ತವೆ. ನಿಮ್ಮದು, ಹಲಸಿನ ಮರದ್ದು, ಹಟ್ಟಿಯ ದನದ್ದು, ಎಲ್ಲ ಎಡವೇ. ಬೆರಳಿನಿಂದ ಅಂಟಿದ್ದಾದರೆ ಜಗಲಿಯಲ್ಲಿ ಬರೇ ಎಡಗಾಲಿನ ಚಪ್ಪಲಿಗಳು ಕಾಣಬೇಕಿತ್ತು. ಮರ್ಚಿಸನ್ ಕಲ್ಲಿನಲ್ಲಿ ಎಡ, ಬಲ ಎರಡೂ ಸರಿಸುಮಾರು ಸಮನಾಗಿ ಸಿಕ್ಕಿದವು. ಜೊತೆಗೆ ನಮ್ಮ ಪ್ರೋಟೀನುಗಳಲ್ಲಿ ಇಲ್ಲದ ಅಮೈನೋ ಆಮ್ಲಗಳೂ ಇದ್ದವು. ಅಂಥವು ಯಾರ ಬೆರಳಿನಿಂದ ಬರಬೇಕು?

ನಮ್ಮ ಜಿಲ್ಲೆಗಳಿಗೂ ಉಲ್ಕಾಶಿಲೆ ಹೊಸದಲ್ಲ. 1866ರಲ್ಲಿ ಉಡುಪಿಯ ಕಡೆ ಒಂದು ಬಿದ್ದಿತ್ತು. ಅದು ಸಾಮಾನ್ಯ ಬಗೆಯದು. ಮರ್ಚಿಸನ್‌ನಂಥ ಬಗೆಯದು ಭಾರತದಲ್ಲಿ ಬಿದ್ದದ್ದು 2017ರ ಜೂನ್ 6ರಂದು, ರಾಜಸ್ಥಾನದ ಜೈಪುರದ ಬಳಿಯ ಮುಕುಂದಪುರದಲ್ಲಿ. ಅಂಥದ್ದೊಂದು ಸುಳ್ಯದ ಗುಡ್ಡೆಯ ಮೇಲೆ ಬಿದ್ದಿದ್ದರೆ? ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಊರು ನಮ್ಮದು. ಒಂದು ಮಳೆಗಾಲ ಕಳೆದರೆ ಸಾಕು, ಆ ಕಲ್ಲಿನ ತುಂಬ ನಮ್ಮ ಪಾಚಿ, ನಮ್ಮ ಬ್ಯಾಕ್ಟೀರಿಯಾ. ಇದು ಉತ್ಪ್ರೇಕ್ಷೆಯಲ್ಲ. ಜಪಾನಿನ ಹಯಬುಸ 2 ನೌಕೆ ರ್‍ಯುಗು ಎಂಬ ಕ್ಷುದ್ರಗ್ರಹದಿಂದ 2020ರ ಡಿಸೆಂಬರಿನಲ್ಲಿ 5.4 ಗ್ರಾಂ ಮಾದರಿ ತಂದಿತು. ಅದರಲ್ಲಿ ಒಂದು ಕಣವನ್ನು ಇಂಗ್ಲೆಂಡಿನ ವಿಜ್ಞಾನಿಗಳು ಪರೀಕ್ಷಿಸುತ್ತಿದ್ದಾಗ ಅದರ ಮೇಲೆ ಸೂಕ್ಷ್ಮಜೀವಿಗಳು ಬೆಳೆಯುತ್ತಿರುವುದು ಕಂಡಿತು. ಬೇರೆ ಲೋಕದ ಜೀವಿಗಳಲ್ಲ. ಇಲ್ಲಿಯವೇ, ಬಂದು ಸೇರಿಕೊಂಡವು. 2024ರಲ್ಲಿ ಅವರೇ ಇದನ್ನು ಬಹಿರಂಗವಾಗಿ ಬರೆದರು. ಆದ್ದರಿಂದ ನಿಮ್ಮ ಕಣ್ಣೆದುರೇ ಆಕಾಶದಿಂದ ಕಲ್ಲು ಬಿದ್ದರೆ ಬರಿಗೈಯಲ್ಲಿ ಮುಟ್ಟಬೇಡಿ, ತೊಳೆಯಬೇಡಿ, ಪೂಜೆಗೂ ಇಡಬೇಡಿ. ಹೊಸ ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ, ಬಿದ್ದ ಸಮಯ, ಜಾಗ ಬರೆದಿಟ್ಟು ಮೇಷ್ಟ್ರಿಗೋ ಟೀಚರಿಗೋ ಹೇಳಿ.

ಪ್ಲಾಸ್ಟಿಕ್ ಚೀಲದಲ್ಲಿ ಹಾಕಿದರಾಗದೇ ಎಂದು ಕೇಳಬಹುದು. ಅದಕ್ಕೂ ಒಂದು ಕಥೆಯಿದೆ. ಸ್ಟಾರ್‌ಡಸ್ಟ್ ಎಂಬ ನೌಕೆ ಒಂದು ಧೂಮಕೇತುವಿನ ಧೂಳನ್ನು ಹಿಡಿದು 2006ರ ಜನವರಿಯಲ್ಲಿ ಭೂಮಿಗೆ ತಲುಪಿಸಿತು. ಅದರಲ್ಲಿ ಗ್ಲೈಸಿನ್ ಸಿಕ್ಕಿತು. ಜೊತೆಗೆ ಒಂದು ವಿಚಿತ್ರ ಅಮೈನೋ ಆಮ್ಲ ಎಲ್ಲಕ್ಕಿಂತ ಎದ್ದು ಕಂಡಿತು. ಮೂಲ ಹುಡುಕಿದರೆ ಅದು ನೈಲಾನಿನದು! ಮಾದರಿಗಳನ್ನು ಇಡಲು, ಸಾಗಿಸಲು ಬಳಸಿದ ನೈಲಾನಿನಿಂದ ಬಂದದ್ದು. ಗ್ಲೈಸಿನ್ ಮಾತ್ರ ಧೂಮಕೇತುವಿನದೇ ಎಂದು ಹೇಳಲು 2009ರವರೆಗೆ ಕಾಯಬೇಕಾಯಿತು. ಅದರಲ್ಲಿರುವ ಇಂಗಾಲ ನಮ್ಮ ಭೂಮಿಯ ಇಂಗಾಲಕ್ಕಿಂತ ಸ್ವಲ್ಪ ಭಾರದ ಬಗೆಯದ್ದು ಎಂದು ತೋರಿಸಿದ ಮೇಲೆಯೇ ಅವರು ಖಚಿತವಾಗಿ ಹೇಳಿದ್ದು. ಮೂರು ವರ್ಷ ಕಾದರು, ನೋಡಿ!

ಆಮೇಲೆ ಬೆನ್ನು ಎಂಬ ಕ್ಷುದ್ರಗ್ರಹಕ್ಕೆ ಹೋದ ಒಸೈರಿಸ್-ರೆಕ್ಸ್ ನೌಕೆಯನ್ನು ಕಟ್ಟುವಾಗ ಈ ಎಲ್ಲ ಪಾಠಗಳೂ ನೆನಪಿನಲ್ಲಿದ್ದವು. ಮಾದರಿ ತೆಗೆಯುವ ಭಾಗದ ಮೇಲೆ ಎಷ್ಟು ಅಮೈನೋ ಆಮ್ಲ ಇರಬಹುದು ಎಂಬುದಕ್ಕೆ ಮೊದಲೇ ಮಿತಿ ಹಾಕಿದ್ದರು. ನೌಕೆಯಲ್ಲಿ ಸಾಕ್ಷಿ ತಟ್ಟೆಗಳೆಂಬ ಅಲ್ಯೂಮಿನಿಯಂ ಮತ್ತು ನೀಲಮಣಿಯ ಚಿಕ್ಕ ತಟ್ಟೆಗಳನ್ನೂ ಕಳಿಸಿದ್ದರು. ಅವುಗಳ ಕೆಲಸ ಏನನ್ನೂ ತರುವುದಲ್ಲ. ಹೋಗಿ, ತೆರೆದುಕೊಂಡು ಕೂತು, ವಾಪಸು ಬರುವುದು. ದಾರಿಯಲ್ಲಿ ಏನೇನು ಅಂಟಿತು ಎಂದು ಅವು ಹೇಳುತ್ತವೆ. ಕೋಟಿಗಟ್ಟಲೆ ಕಿಲೋಮೀಟರ್ ಹೋಗಿ ಬಂದ ಖಾಲಿ ತಟ್ಟೆಗಳು! 2023ರ ಸೆಪ್ಟೆಂಬರ್ 24ರಂದು ಆ ನೌಕೆ 121.6 ಗ್ರಾಂ ಮಾದರಿ ತಲುಪಿಸಿತು. ಜೀವಿಗಳು ಬಳಸುವ 20 ಅಮೈನೋ ಆಮ್ಲಗಳಲ್ಲಿ 14 ಅದರಲ್ಲಿವೆ, ಎಡ ಬಲ ಹೆಚ್ಚುಕಡಿಮೆ ಸಮನಾಗಿವೆ ಎಂದು 2025ರ ಜನವರಿಯಲ್ಲಿ ವರದಿ ಬಂತು. ಅದನ್ನು ಜಗತ್ತು ನಂಬಿತು. 1960ರ ದಶಕದ ವರದಿಗಳಿಗೆ ಅಂಥ ಭಾಗ್ಯ ಇರಲಿಲ್ಲ.

ಮಣ್ಣು ಪರೀಕ್ಷೆಯ ಖಾಲಿ ಶೀಶೆ

ಇದೆಲ್ಲ ದೊಡ್ಡ ದೊಡ್ಡ ದೇಶಗಳ ದೊಡ್ಡ ಕೆಲಸ, ನಮಗೇನು ಎನ್ನಬೇಡಿ. ನಿಮ್ಮ ಮನೆಯ ತೋಟದ ಮಣ್ಣನ್ನು ಪರೀಕ್ಷೆಗೆ ಕಳಿಸಿದ್ದರೆ, ಬಂದ ಮಣ್ಣು ಆರೋಗ್ಯ ಕಾರ್ಡಿನಲ್ಲಿ ಸಾವಯವ ಇಂಗಾಲ ಎಂಬ ಸಾಲನ್ನು ನೋಡಿ. ಅಮೈನೋ ಆಮ್ಲ ಎಂದು ಬೇರೆ ಸಾಲು ಇರುವುದಿಲ್ಲ. ಆದರೆ ಮಣ್ಣಿನ ಅಮೈನೋ ಆಮ್ಲದಲ್ಲಿರುವ ಇಂಗಾಲವೂ ಸಾವಯವ ಇಂಗಾಲವೇ. ಈ ಸಂಖ್ಯೆ ಬಂದದ್ದು ಹೇಗೆ ಗೊತ್ತೇ? ಸಾಮಾನ್ಯವಾಗಿ ಬಳಸುವ ವಿಧಾನದಲ್ಲಿ ಒಂದು ಶೀಶೆಗೆ ಮಣ್ಣು ಹಾಕಿ, ಕೆಂಪು-ಕಿತ್ತಳೆ ಬಣ್ಣದ ಒಂದು ದ್ರಾವಣ ಮತ್ತು ಆಮ್ಲ ಹಾಕುತ್ತಾರೆ. ಇನ್ನೊಂದು ಶೀಶೆಗೆ ಮಣ್ಣು ಹಾಕದೆ ಅವೆರಡನ್ನೇ ಹಾಕುತ್ತಾರೆ. ಮಣ್ಣಿನ ಇಂಗಾಲ ಆ ದ್ರಾವಣದ ಒಂದಷ್ಟು ಭಾಗವನ್ನು ಬಳಸಿಕೊಳ್ಳುತ್ತದೆ. ಎರಡೂ ಶೀಶೆಗಳಲ್ಲಿ ಎಷ್ಟು ಉಳಿಯಿತು ಎಂದು ನೋಡಿ, ಖಾಲಿ ಶೀಶೆಯ ಲೆಕ್ಕದಿಂದ ಮಣ್ಣಿನ ಶೀಶೆಯ ಲೆಕ್ಕವನ್ನು ಕಳೆದರೆ ಇಂಗಾಲ ಎಷ್ಟಿತ್ತೆಂದು ತಿಳಿಯುತ್ತದೆ. ಖಾಲಿ ಶೀಶೆ ಇಲ್ಲದಿದ್ದರೆ ಕಳೆಯುವುದು ಯಾವುದರಿಂದ? ಅಪ್ಪ ಎಷ್ಟು ಗೊಬ್ಬರ ತರಬೇಕು ಎಂಬುದು ಆ ಖಾಲಿ ಶೀಶೆಯನ್ನೂ ಅವಲಂಬಿಸಿದೆ.

ಹೀಗಿರುವಾಗ ನಮ್ಮ ವಸ್ತುಪ್ರದರ್ಶನಗಳಲ್ಲಿ ಮಾತ್ರ ಅದು ಯಾಕೆ ಇಲ್ಲ? ಕಾರಣ ಊಹಿಸಬಹುದು. ಬಣ್ಣ ಬದಲಾದರೆ ನೋಡುವವರು ನಿಲ್ಲುತ್ತಾರೆ, ಬದಲಾಗದಿದ್ದರೆ ಮುಂದಿನ ಮೇಜಿಗೆ ಹೋಗುತ್ತಾರೆ. ತೀರ್ಪುಗಾರರಿಗೆ ಸಮಯ ಕಡಿಮೆ. ಏನೂ ಆಗದ ಲೋಟವನ್ನು ಇಟ್ಟ ಮಗುವಿಗೆ ಪ್ರಯೋಗ ಸರಿಯಾಗಿ ಬಂದಿಲ್ಲ ಎಂದು ಹೇಳಿಬಿಡುವ ಅಪಾಯವೂ ಇದೆ. ಪ್ರಾಥಮಿಕ ಶಾಲೆಯ ಮಕ್ಕಳಿಗೆ ಇಷ್ಟೆಲ್ಲ ಬೇಕೇ, ಮೊದಲು ಆಸಕ್ತಿ ಹುಟ್ಟಲಿ, ಕಟ್ಟುನಿಟ್ಟು ಆಮೇಲೆ ಎಂದು ಹೇಳುವವರಿದ್ದಾರೆ. ಅವರ ಮಾತಿನಲ್ಲಿ ಅರ್ಧ ಸತ್ಯವಿದೆ, ಆಸಕ್ತಿ ಮೊದಲು. ಆದರೆ ನನ್ನ ಪ್ರಕಾರ ಖಾಲಿ ಲೋಟವೇ ಹೆಚ್ಚು ಆಸಕ್ತಿಯದ್ದು, ಯಾಕೆಂದರೆ ಪತ್ತೇದಾರಿಯ ಮಜಾ ಇರುವುದು ಅದರಲ್ಲಿ. ಬಣ್ಣ ಬರುವ ಲೋಟ ಏನಾಯಿತು ಎಂದು ಮಾತ್ರ ಹೇಳುತ್ತದೆ. ಯಾರು ಮಾಡಿದ್ದು ಎಂದು ಕಂಡುಹಿಡಿಯಲು ಇನ್ನೊಂದು ಲೋಟ ಬೇಕು. ಇದಕ್ಕೆ ಖರ್ಚೂ ಇಲ್ಲ. ಇನ್ನೊಂದು ಲೋಟ, ಅಷ್ಟೇ.

ಈ ಪುಟ ಓದುವ ಶಿಕ್ಷಕರಿಗೂ ಒಂದು ವಿನಂತಿ. ಕ್ಲಸ್ಟರ್ ಮಟ್ಟದಲ್ಲಾಗಲಿ ತಾಲೂಕು ಮಟ್ಟದಲ್ಲಾಗಲಿ ಹತ್ತು ಅಂಕಗಳಲ್ಲಿ ಎರಡನ್ನು ಇದಕ್ಕೆ ತೆಗೆದಿಡಿ. ಮಾದರಿ ಇಲ್ಲದ ಲೋಟ ಇಟ್ಟಿದ್ದಾರೆಯೇ, ಅದರಲ್ಲಿ ಏನಾಯಿತೆಂದು ಬರೆದಿದ್ದಾರೆಯೇ ಎಂದು ಕೇಳಿ. ಖಾಲಿ ಲೋಟದಲ್ಲೂ ಬಣ್ಣ ಬಂತು ಎಂದು ಒಬ್ಬ ಹುಡುಗಿ ಬರೆದಿದ್ದರೆ ಅಂಕ ಕಡಿಮೆ ಮಾಡಬೇಡಿ, ಎರಡೂ ಅಂಕ ಕೊಡಿ.

ಇದಕ್ಕೆ ಸ್ವಲ್ಪ ಅವಸರವೂ ಇದೆ. 2023ರ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ಮೇಲೆ ಇಳಿದಾಗ ನೀವು ಟಿ.ವಿ.ಯಲ್ಲಿ ನೋಡಿರಬಹುದು. ಅದರ ಪ್ರಜ್ಞಾನ್ ರೋವರ್‌ನಲ್ಲಿದ್ದ, ಬೆಂಗಳೂರಿನಲ್ಲಿ ತಯಾರಾದ ಲೇಸರ್ ಉಪಕರಣ ಅಲ್ಲಿನ ಮಣ್ಣಿನಲ್ಲಿ ಗಂಧಕ ಇರುವುದನ್ನು ಗುರುತಿಸಿತು. ಅಂಥ ಉಪಕರಣ ಮೂಲವಸ್ತುಗಳನ್ನು ಹೇಳಬಲ್ಲದು. ಅಮೈನೋ ಆಮ್ಲದಂಥ ಅಣುಗಳನ್ನು ಇಷ್ಟು ಕಡಿಮೆ ಪ್ರಮಾಣದಲ್ಲಿ ಹುಡುಕಬೇಕಾದರೆ ಮಣ್ಣು ಪ್ರಯೋಗಾಲಯಕ್ಕೇ ಬರಬೇಕು. ಚಂದ್ರನ ಮಣ್ಣನ್ನು ಭೂಮಿಗೆ ತರುವ ಚಂದ್ರಯಾನ-4ಕ್ಕೆ ಕೇಂದ್ರ ಸರಕಾರ 2024ರ ಸೆಪ್ಟೆಂಬರಿನಲ್ಲಿ ಒಪ್ಪಿಗೆ ಕೊಟ್ಟಿದೆ. ಆ ಮಣ್ಣನ್ನು ವರ್ಷಗಟ್ಟಲೆ ಪರೀಕ್ಷಿಸುವವರು ಯಾರು? ಈಗ ಆರನೆಯ, ಏಳನೆಯ ತರಗತಿಯಲ್ಲಿರುವವರೂ ಅದರಲ್ಲಿ ಇರಬಹುದಲ್ಲವೇ?

ಇನ್ನು ನಾನು ಹೇಳುತ್ತೇನೆ ಎಂದಿದ್ದ ಪ್ರಯೋಗ. ನಾಲ್ಕೈದು ಕೆಂಪು ದಾಸವಾಳ ಹೂಗಳ ಎಸಳುಗಳನ್ನು ಬಿಸಿನೀರಿನಲ್ಲಿ ನೆನೆಸಿ ಬಣ್ಣದ ನೀರು ಮಾಡಿ. ಇದು ಹುಳಿಯಲ್ಲಿ ಗಾಢ ಗುಲಾಬಿಯಾಗುತ್ತದೆ, ಸುಣ್ಣದ ತಿಳಿಯಲ್ಲಿ ಹಸಿರಾಗುತ್ತದೆ. ತೋಟದ ಒಂದು ಹಿಡಿ ಮಣ್ಣನ್ನು ಒಂದು ಲೋಟ ಬಾವಿನೀರಿಗೆ ಹಾಕಿ, ಕದಡಿಸಿ, ಬಟ್ಟೆಯಲ್ಲಿ ಸೋಸಿ. ಎರಡನೆಯ ಲೋಟಕ್ಕೆ ಅದೇ ಬಾವಿನೀರು ತೆಗೆದುಕೊಂಡು, ಮಣ್ಣು ಹಾಕದೆ, ತೊಳೆದ ಅದೇ ಚಮಚದಿಂದ ಕದಡಿಸಿ, ಅದೇ ಬಟ್ಟೆಯ ಇನ್ನೊಂದು ತುಂಡಿನಲ್ಲಿ ಸೋಸಿ. ಎರಡಕ್ಕೂ ದಾಸವಾಳದ ನೀರನ್ನು ಹತ್ತತ್ತು ಹನಿ ಹಾಕಿ. ಎರಡನೆಯ ಲೋಟವೂ ಹಸಿರಿಗೆ ತಿರುಗಿದರೆ ಬಾವಿಯನ್ನು ಬೈಯುವ ಮೊದಲು ಆ ಬಟ್ಟೆಯನ್ನು ಒಗೆದದ್ದು ಯಾವುದರಲ್ಲಿ ಎಂದು ವಿಚಾರಿಸಿ. ಸಾಬೂನು ಸರಿಯಾಗಿ ಹೋಗದ ಬಟ್ಟೆ ಅಷ್ಟು ಕೆಲಸ ಮಾಡಬಲ್ಲದು. ಬಟ್ಟೆಯನ್ನು ನಾಲ್ಕು ಸಲ ಬರೇ ನೀರಿನಲ್ಲಿ ಹಿಂಡಿ ಮತ್ತೆ ಮಾಡಿ. ಎರಡೂ ಲೋಟಗಳ ಬಣ್ಣವನ್ನು ದಿನಾಂಕದೊಂದಿಗೆ ಪುಸ್ತಕದಲ್ಲಿ ಬರೆದಿಡಿ. ಬೇಸಗೆಯಲ್ಲಿ ಒಮ್ಮೆ, ಆಟಿ ತಿಂಗಳ ಮಳೆಯಲ್ಲಿ ಒಮ್ಮೆ ಮಾಡಿದರೆ ಇನ್ನೂ ಒಳ್ಳೆಯದು. ಆಗ ಬಾವಿಯ ನೀರೇ ಬೇರೆಯಾಗಿರಬಹುದು.